ಅಕ್ಷರಗಳಿಗೆ ಹಾಕಿದ ಕೀಲಿ

ನಾನು ಒಂದು ಡಾಂಗಲ್. ಹೆಸರು ಕೇಳಿ ನಿಮಗೆ ಏನೂ ಹೊಳೆಯದಿದ್ದರೆ ತಪ್ಪು ನಿಮ್ಮದಲ್ಲ. ಕಿರುಬೆರಳಿನಷ್ಟು ಉದ್ದ, ನೀಲಿ ಪ್ಲಾಸ್ಟಿಕ್ಕಿನ ಮೈ, ಒಂದು ತುದಿಯಲ್ಲಿ ತಗಡಿನ ಬಾಯಿ. ನೋಡಿದವರು ಪೆನ್‌ಡ್ರೈವ್ ಎಂದುಕೊಳ್ಳುತ್ತಾರೆ. ಆದರೆ ಪೆನ್‌ಡ್ರೈವಿನಲ್ಲಿ ಹಾಡೋ ಫೋಟೊವೋ ಏನಾದರೂ ಇರುತ್ತದೆ. ನನ್ನೊಳಗೆ ಇದ್ದದ್ದು ಒಂದು ಗುಟ್ಟಿನ ಸಂಖ್ಯೆ, ಅಷ್ಟೇ. ಕನ್ನಡ ಟೈಪ್ ಮಾಡುವ ತಂತ್ರಾಂಶವೊಂದು ತೆರೆದುಕೊಳ್ಳುವಾಗ ಮೊದಲು ನನ್ನನ್ನು ಮಾತಾಡಿಸುತ್ತಿತ್ತು. ನಾನು ಸಂಖ್ಯೆ ಹೇಳಿದರೆ ತೆರೆಯ ಮೇಲೆ ಕನ್ನಡ ಮೂಡುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ‘ಡಾಂಗಲ್ ಕಾಣುತ್ತಿಲ್ಲ’ ಎಂಬ ಒಂದು ಸಾಲು ಬಂದು ಎಲ್ಲ ನಿಂತುಬಿಡುತ್ತಿತ್ತು.

ನನ್ನ ಮೈ ಎಲ್ಲಿ ತಯಾರಾಯಿತೋ ನೆನಪಿಲ್ಲ. ಸಾವಿರಾರು ಮಂದಿ ಒಂದೇ ಅಚ್ಚಿನಲ್ಲಿ ಬಿದ್ದವರು ನಾವು. ನನಗೆ ಜೀವ ಬಂದದ್ದು ಬೆಂಗಳೂರಿನ ಒಂದು ಕಚೇರಿಯಲ್ಲಿ. ಅಲ್ಲಿ ಒಬ್ಬ ಹೆಂಗಸು ನಮ್ಮನ್ನು ಒಬ್ಬೊಬ್ಬರನ್ನಾಗಿ ಕಂಪ್ಯೂಟರಿಗೆ ಚುಚ್ಚಿ, ಸಂಖ್ಯೆ ತುಂಬಿ, ಬೆನ್ನಿಗೆ ಚೀಟಿ ಅಂಟಿಸುತ್ತಿದ್ದಳು. ಆ ಕಂಪನಿಯವರು ಕೆಟ್ಟವರಾಗಿರಲಿಲ್ಲ. ಒಂದೊಂದು ಅಕ್ಷರದ ಬಳುಕು, ಒಂದೊಂದು ಒತ್ತಿನ ಜಾಗಕ್ಕಾಗಿ ತಿಂಗಳುಗಟ್ಟಲೆ ಕೂತು ದುಡಿದವರು. ಹಾಗೆ ದುಡಿದದ್ದನ್ನು ಯಾರೋ ಸಿಡಿಗೆ ನಕಲು ಮಾಡಿ ಹಂಚಿಬಿಟ್ಟರೆ ತಮ್ಮ ಹೊಟ್ಟೆಪಾಡೇನು ಎಂಬ ಹೆದರಿಕೆ ಅವರಿಗಿತ್ತು. ಆ ಹೆದರಿಕೆಯಿಂದಲೇ ನಾನು ಹುಟ್ಟಿದೆ.

ಎರಡು ಸಾವಿರದ ನಾಲ್ಕರಲ್ಲಿ ಹುಬ್ಬಳ್ಳಿಯ ಏಜೆಂಟನೊಬ್ಬ ನನ್ನನ್ನು ಗದಗಿನ ಸ್ಟೇಷನ್ ರಸ್ತೆಯ ಒಂದು ಮುದ್ರಣಾಲಯಕ್ಕೆ ತಂದ. ಅದರ ಮಾಲಕರು ಅಂದಾನೆಪ್ಪ ಮಡಿವಾಳರ. ಏಜೆಂಟ ಸಿಡಿಯ ಪಾಕೀಟನ್ನು ಸರಕ್ಕನೆ ಹರಿದು, ಸಿಡಿ ಒಳಗೆ ಹಾಕಿ, ನನ್ನನ್ನು ಹಿಂದೆ ಚುಚ್ಚಿ, ಅರ್ಧ ತಾಸಿನಲ್ಲಿ ಕೆಲಸ ಮುಗಿಸಿದ. ಅಂದಾನೆಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ, ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಪೇಢೆ ಹಂಚಿದರು. ಊರಿನ ಉಳಿದ ಡಿಟಿಪಿ ಅಂಗಡಿಗಳಲ್ಲಿ ಇದೇ ತಂತ್ರಾಂಶದ ಕೀಲಿ ಮುರಿದ ನಕಲು ನಡೆಯುತ್ತಿತ್ತು. ಇವರದು ಮಾತ್ರ ಅಸಲಿ. ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳದಿದ್ದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ನನ್ನ ಮುಂದೆ ಕೂತು ಕೆಲಸ ಮಾಡಿದವಳು ಮೆಹರುನ್ನಿಸಾ ನದಾಫ್. ಬೆಟಗೇರಿಯವಳು. ಅವಳ ತಂದೆ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ರೆಡಿಮೇಡ್ ಗಾದಿಗಳು ಬಂದ ಮೇಲೆ ಆ ಕೆಲಸ ಸೊರಗಿತು. ಮಗಳು ಟೈಪಿಂಗ್ ಕಲಿತು ಈ ಪ್ರೆಸ್ಸಿಗೆ ಸೇರಿದಳು. ಅವಳ ಬೆರಳಿನ ಓಟ ನಾನು ಬಲ್ಲೆ. ಮದುವೆ ಪತ್ರಿಕೆ, ಮಠದ ಕರಪತ್ರ, ಸಂಘದ ವರದಿ, ಪಿಎಚ್‌ಡಿ ಪ್ರಬಂಧ, ಶ್ರದ್ಧಾಂಜಲಿಯ ಕಾರ್ಡು, ಯಾವುದು ಬಂದರೂ ಕೀಲಿಮಣೆ ನೋಡದೆ ಹೊಡೆಯುತ್ತಿದ್ದಳು. ಬರೆದವರ ಕಾಗುಣಿತ ತಪ್ಪಿದ್ದರೆ ಯಾರಿಗೂ ಹೇಳದೆ ತಿದ್ದಿಬಿಡುತ್ತಿದ್ದಳು.

ಪ್ರೆಸ್ಸಿನಲ್ಲಿ ಎರಡು ಕಂಪ್ಯೂಟರ್ ಇದ್ದವು, ನಾನು ಒಬ್ಬನೇ. ಎರಡರಲ್ಲೂ ಏಜೆಂಟ ತಂತ್ರಾಂಶ ಹಾಕಿಕೊಟ್ಟಿದ್ದ, ಆದರೆ ಒಂದು ಡಾಂಗಲಿಗೆ ಒಮ್ಮೆಗೆ ಒಂದೇ ಕಂಪ್ಯೂಟರ್ ಎಂದು ಕಂಪನಿಯ ನಿಯಮ. ಎರಡನೆಯದರಲ್ಲಿ ಅಂದಾನೆಪ್ಪನವರು ಒಂದೇ ಬೆರಳಿನಲ್ಲಿ ಟೈಪ್ ಕಲಿಯುತ್ತಿದ್ದರು.

“ಮೆಹರೂ, ಒಂದೀಟು ಕೀಲಿ ಕೊಡವಾ.”

“ಕಾಕಾ, ಪತ್ರಿಕಿ ಅರ್ಧಾ ಆಗೇತಿ. ಈಗ ತೆಗದ್ರ ಎಲ್ಲಾ ಹೋಕ್ಕತಿ.”

ಡಾಂಗಲ್ ಎಂಬ ಮಾತು ಅವರ ನಾಲಿಗೆಗೆ ಹೊರಳಲಿಲ್ಲ. ನನ್ನನ್ನು ಎಲ್ಲರೂ ಕೀಲಿ ಎಂದೇ ಕರೆದರು. ಕಳುವಾದರೆ ಕಂಪನಿ ಬೇರೆ ಕೊಡುವುದಿಲ್ಲ ಎಂದು ಏಜೆಂಟ ಹೆದರಿಸಿ ಹೋಗಿದ್ದರಿಂದ ದಿನಾ ಸಂಜೆ ಮೆಹರುನ್ನಿಸಾ ನನ್ನನ್ನು ತನ್ನ ಸಣ್ಣ ಪರ್ಸಿನಲ್ಲಿ ಮನೆಗೆ ಒಯ್ಯುತ್ತಿದ್ದಳು. ಒಮ್ಮೆ ಅವಳ ತಾಯಿ ನನ್ನನ್ನು ಎತ್ತಿ ಹಿಂದೆ ಮುಂದೆ ನೋಡಿ, “ಇದ್ಯಾವ ದರ್ಗಾದ ತಾಯತಬೇ?” ಎಂದು ಕೇಳಿದ್ದರು. ಅವಳು ಬಿದ್ದು ಬಿದ್ದು ನಕ್ಕಿದ್ದಳು.

ತುಳಜಾಸಾ ಭಾಂಡಗೆ ಪ್ರೆಸ್ಸಿಗೆ ಬಂದದ್ದು ಎರಡು ಸಾವಿರದ ಹತ್ತರ ಸುಮಾರಿಗೆ. ದನದ ದವಾಖಾನೆಯಲ್ಲಿ ಮೂವತ್ತಾರು ವರ್ಷ ಕಂಪೌಂಡರ್ ಆಗಿ ನಿವೃತ್ತರಾದವರು. ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಔಷಧ ಕಂಪನಿಯ ಹಳೆಯ ಡೈರಿಗಳು. ಸರ್ಕಾರಿ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗುವಾಗ ದನ ಸಾಕಿದ ಹೆಣ್ಣುಮಕ್ಕಳು, ಕುರಿಗಾರರು ಹೇಳಿದ್ದನ್ನೆಲ್ಲ ಅವರು ಆ ಡೈರಿಗಳಲ್ಲಿ ಬರೆದಿಟ್ಟಿದ್ದರು. ಯಾವ ಬೇನೆಗೆ ಯಾವ ಊರಿನಲ್ಲಿ ಏನು ಹೆಸರು, ಎಮ್ಮೆ ಹೇಗೆ ನಿಂತರೆ ಹೊಟ್ಟೆನೋವು, ಹೇಗೆ ನಿಂತರೆ ಕರು ಅಡ್ಡಾಗಿದೆ, ಯಾವ ಸೊಪ್ಪು ಎಷ್ಟು ಅರೆಯಬೇಕು, ಯಾವಾಗ ಸೊಪ್ಪು ಬಿಟ್ಟು ಡಾಕ್ಟರರನ್ನು ಕರೆಯಬೇಕು.

“ಡಾಕ್ಟರ್ರು ಬರೋತನಕ ದನಾ ಏನ ಹೇಳತೈತಿ ಅಂತ ತಿಳೀಬೇಕಲ್ಲ, ಅದಕ್ಕ ಬರದೀನಿ” ಎಂದರು. ಪುಸ್ತಕದ ಹೆಸರು ‘ದನದ ಮಾತು.’

ತಿಂಗಳಿಗೆ ನಾಲ್ಕೈದು ಪುಟ, ಕೆಲವೊಮ್ಮೆ ಹತ್ತು. ಒಂಬತ್ತು ವರ್ಷ ಆ ಪುಸ್ತಕ ಬೆಳೆಯಿತು. ಅಚ್ಚು ಹಾಕಿಸುವ ಹೊತ್ತು ಬಂತು ಎನ್ನುವಾಗ ತುಳಜಾಸಾ ಮತ್ತೊಂದು ಹಳ್ಳಿಗೆ ಹೋಗಿ ಮತ್ತೊಂದು ಹೆಸರು ತರುತ್ತಿದ್ದರು. ಮೆಹರುನ್ನಿಸಾಳಿಗೂ ಅದರ ಹುಚ್ಚು ಹಿಡಿಯಿತು. “ಕಂಪೌಂಡರ್ರ, ನಮ್ಮ ಓಣ್ಯಾಗ ಇದಕ್ಕ ಬ್ಯಾರೇ ಅಂತಾರ” ಎಂದು ತಾನೂ ಒಂದೆರಡು ಸೇರಿಸಿದಳು. ಆರುನೂರು ಪುಟವಾಯಿತು. ಪುಸ್ತಕ ಹಿಗ್ಗುತ್ತಿದ್ದಷ್ಟು ಕಾಲವೂ ತುಳಜಾಸಾ ಅವರ ಕಣ್ಣು ಒಳಗೊಳಗೇ ಕುಗ್ಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ನಡುವಿನಲ್ಲಿ ಕಪ್ಪು, ಅಂಚಿನಲ್ಲಷ್ಟೇ ಬೆಳಕು.

ಒಂದು ದಿನ ಅವರು ಹೊಸ ಫೋನು ಹಿಡಿದುಕೊಂಡು ಬಂದರು. ಕಣ್ಣಿನ ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರಂತೆ, ಈ ಫೋನು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ ಎಂದು.

“ನನ್ನ ಪುಸ್ತಕಾ ಇದರಾಗ ಹಾಕಿಕೊಡ ತಂಗಿ. ಅಚ್ಚಿಗೆ ಹೋಗೂದರೊಳಗ ಒಮ್ಮೆ ಪೂರ್ತಿ ಕೇಳ್ತೀನಿ.”

ಮೆಹರುನ್ನಿಸಾ ಮೊದಲ ಅಧ್ಯಾಯವನ್ನು ಫೋನಿಗೆ ಕಳಿಸಿದಳು. ತುಳಜಾಸಾ ಟೊಪ್ಪಿಗೆ ಸರಿಮಾಡಿಕೊಂಡು ಕಿವಿ ಕೊಟ್ಟರು. ಫೋನು ಬಾಯಿ ಬಿಟ್ಟಿತು. ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಹೆಸರುಗಳನ್ನು, ನಡುನಡುವೆ ಏನೇನೋ ಚಿಹ್ನೆಗಳ ಹೆಸರುಗಳನ್ನು ಗಡಗಡನೆ ಒದರತೊಡಗಿತು. ತೆರೆಯ ಮೇಲೂ ಹಾಗೆಯೇ ಇತ್ತು. ತಲೆಯ ಮೇಲೆ ಕೊಂಬು, ಕಾಲಿಗೆ ಬಾಲ ಬಂದ ಇಂಗ್ಲಿಷ್ ಅಕ್ಷರಗಳ ರಾಶಿ.

“ಇದೇನ ಹಚ್ಚೇತಿ ತಂಗಿ? ನಾ ಇದನ್ನ ಬರದಿಲ್ಲ” ಎಂದರು ಮುದುಕರು. ಅವರ ದನಿಯಲ್ಲಿ ಹೆದರಿಕೆಯಿತ್ತು.

ಕಾರಣ ನನಗೆ ಗೊತ್ತಿತ್ತು. ನಮ್ಮ ತಂತ್ರಾಂಶ ಕನ್ನಡವನ್ನು ಕನ್ನಡವಾಗಿ ಉಳಿಸಿಡುತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಗುರುತುಗಳನ್ನಿಟ್ಟು, ಅವುಗಳಿಗೆ ಕನ್ನಡದ ಮುಖವಾಡ ತೊಡಿಸುತ್ತಿತ್ತು. ಆ ಮುಖವಾಡಗಳು ನನ್ನ ಕಂಪನಿಯವು. ಬೇರೆ ಯಂತ್ರಕ್ಕೆ ಹೋದೊಡನೆ ಕಳಚಿ ಬೀಳುತ್ತಿದ್ದವು. ಎಲ್ಲ ಫೋನುಗಳೂ ಓದಬಲ್ಲ ಯುನಿಕೋಡ್ ಕನ್ನಡಕ್ಕೆ ಬದಲಿಸುವ ಸೌಲಭ್ಯ ಇತ್ತಂತೆ, ಆದರೆ ಹೊಸ ಆವೃತ್ತಿಯಲ್ಲಿ. ನಮ್ಮದರಲ್ಲಿ ಆ ಗುಂಡಿ ಬೂದುಬಣ್ಣಕ್ಕಿತ್ತು, ಒತ್ತಿದರೆ ಒಳಹೋಗುತ್ತಿರಲಿಲ್ಲ.

ಏಜೆಂಟನನ್ನು ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಕಂಪ್ಯೂಟರೇ ಕೆಟ್ಟಿತು. ಎರಡನೆಯದು ಮೊದಲೇ ಹಾಳಾಗಿ ಗುಜರಿ ಸೇರಿತ್ತು. ಹೊಸದು ಬಂತು. ಫೈಲುಗಳೆಲ್ಲ ಉಳಿದಿದ್ದವು. ಸಿಡಿ ಹಾಕಿದರು, ನನ್ನನ್ನು ಚುಚ್ಚಿದರು. ನಾನು ಎಂದಿನಂತೆ ಸಂಖ್ಯೆ ಹೇಳಿದೆ. ಸಾಲದು ಎಂದಿತು ತಂತ್ರಾಂಶ. ಯಂತ್ರ ಬದಲಾದರೆ ಕಂಪನಿಯಿಂದ ಹೊಸ ಅನುಮತಿ ಬರಬೇಕು. ಮೆಹರುನ್ನಿಸಾ ಫೋನು ಮಾಡಿದಳು, ಆ ನಂಬರು ಅಸ್ತಿತ್ವದಲ್ಲಿರಲಿಲ್ಲ. ಕಂಪನಿ ಯಾವಾಗಲೋ ಬೇರೊಬ್ಬರ ಪಾಲಾಗಿತ್ತು. ಕೊಂಡವರಿಗೆ ಎರಡು ಪತ್ರ ಬರೆದ ಮೇಲೆ ಉತ್ತರ ಬಂತು: ಆ ಉತ್ಪನ್ನವನ್ನು ನಿಲ್ಲಿಸಲಾಗಿದೆ, ಹಳೆಯ ಡಾಂಗಲ್‌ಗಳಿಗೆ ಮಾನ್ಯತೆ ಇಲ್ಲ, ನಮ್ಮ ಹೊಸ ತಂತ್ರಾಂಶಕ್ಕೆ ವಾರ್ಷಿಕ ಚಂದಾದಾರರಾಗಿ. ಹೊಸ ತಂತ್ರಾಂಶ ಹಳೆಯ ಫೈಲುಗಳನ್ನು ತೆರೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

ಅಂದಾನೆಪ್ಪನವರು ಕಪಾಟು ತಡಕಾಡಿ ಹಳೆಯ ಬಿಲ್ಲು ತಂದರು. ಅದರ ಬೆನ್ನಿಗೆ ನಾಲ್ಕು ಹಾಳೆಯ ಒಪ್ಪಂದವೊಂದು ಪಿನ್ನಿನಲ್ಲಿ ತೂಗುತ್ತಿತ್ತು. ಹದಿನೈದು ವರ್ಷ ಯಾರೂ ಓದದ ಕಾಗದ. ಕನ್ನಡದ ತಂತ್ರಾಂಶ, ಒಪ್ಪಂದ ಮಾತ್ರ ಇಂಗ್ಲಿಷಿನಲ್ಲಿ. ಮೆಹರುನ್ನಿಸಾ ಬೆರಳಿಟ್ಟು ಓದುತ್ತ ಹೋದಳು.

“ಕಾಕಾ, ಇದನ್ನ ನಮಗ ಮಾರಿಲ್ಲಂತ್ರಿ.”

“ಮಾರಿಲ್ಲ ಅಂದ್ರ? ಬಿಲ್ಲು ಇಲ್ಲೇ ಐತಲ್ಲ!”

“ಬಳಸಾಕ ಪರವಾನಗಿ ಅಷ್ಟ ಕೊಟ್ಟಾರಂತ. ಅದನ್ನೂ ಅವರು ಬೇಕಾದಾಗ ವಾಪಸ ತಗೋಬಹುದಂತ.”

“ನಾ ಎಲ್ಲೂ ಸಹಿ ಮಾಡಿಲ್ಲವಾ.”

“ಸಹಿ ಬ್ಯಾಡಂತ್ರಿ. ಸಿಡಿ ಪಾಕೀಟ ಹರದ್ರ ಒಪ್ಪಿದಂಗ ಅಂತ ಬರದಾರ.”

“ಹರದಾಂವ ಏಜೆಂಟ!” ಅಂದಾನೆಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. ಮತ್ತೆ ಕೂತರು. ಬಿಲ್ಲನ್ನು ಮಡಚಿದರು, ಬಿಡಿಸಿದರು. ಇಷ್ಟು ವರ್ಷ ಎದೆ ಎತ್ತಿ ಹೇಳಿಕೊಂಡದ್ದೆಲ್ಲ ಆ ಮಡಿಕೆಯಲ್ಲಿ ಸಿಕ್ಕಿ ಮುದುಡಿದಂತೆ ಕಂಡಿತು.

“ಕೀಲಿ ಅವರದು. ಆಗಲಿ, ಒಪ್ಪೂಣು” ಎಂದಳು ಮೆಹರುನ್ನಿಸಾ. “ಒಳಗಿನ ಮಾತು ಕಂಪೌಂಡರ್ರದು ಅಲ್ಲೇನ್ರಿ? ಅದನ್ನ ಯಾಕ ಹಿಡಕೊಂಡು ಕುಂತಾರ?”

ಬದಿಯ ಝೆರಾಕ್ಸ್ ಅಂಗಡಿಯ ಗವಿಸಿದ್ದ ವಿಷಯ ಕೇಳಿ ಬಾಗಿಲಲ್ಲಿ ನಿಂತ. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ಕೀಲಿ ಮುರಿದ ನಕಲು.

“ಅಣ್ಣಾರ, ಫೈಲ್ ತಗೊಂಡು ನನ್ನ ಕಡೆ ಬರ್ರಿ. ಒಂದ ನಿಮಿಷದಾಗ ತೆರೀತೀನಿ.”

“ಕಳವಿನ ಮಾಲು ನನಗ ಬ್ಯಾಡಪಾ.”

“ಮಾಲು ಕಳವಿಂದ ಇರಬಹುದ್ರಿ. ಆದ್ರ ನನ್ನ ಫೈಲ್ ಇವತ್ತಿಗೂ ತೆರೀತಾವ. ನಿಮ್ಮವು?”

ಅಂದಾನೆಪ್ಪನವರು ಬಿಲ್ಲನ್ನು ಮತ್ತೆ ಕಪಾಟಿನಲ್ಲಿಟ್ಟರು. ಅವನು ಹೋದ ಮೇಲೂ ಬಹಳ ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದರು.

ಮೆಹರುನ್ನಿಸಾ ಬೇರೆ ದಾರಿ ಹಿಡಿದಳು. ತುಳಜಾಸಾ ಅವರ ಮನೆಯಲ್ಲಿದ್ದ ಹಳೆಯ ಪ್ರೂಫ್ ಹಾಳೆಗಳನ್ನು ತರಿಸಿ, ಯುನಿಕೋಡಿನಲ್ಲಿ ಮೊದಲಿನಿಂದ ಟೈಪ್ ಮಾಡತೊಡಗಿದಳು. ದಿನದ ಕೆಲಸ ಮುಗಿಸಿ ಸಂಜೆ ಎರಡು ಪುಟ, ಮೂರು ಪುಟ. ಅವಳ ಮಣಿಕಟ್ಟು ಊದಿಕೊಂಡಿತು. ನಾನು ಯಾತಕ್ಕೂ ಬೇಡವಾಗಿದ್ದರೂ ರೂಢಿಯಂತೆ ಅವಳ ಪರ್ಸಿನಲ್ಲೇ ಇದ್ದೆ. ಎಲ್ಲವನ್ನೂ ಕೇಳುತ್ತಿದ್ದೆ, ಏನೂ ಮಾಡಲಾರದೆ.

ಎಪ್ಪತ್ತು ಪುಟವಾದಾಗ ತುಳಜಾಸಾ ಬಂದರು. ಹೊಸ ಪ್ರೂಫನ್ನು ಮೂಗಿಗೆ ತಾಗಿಸಿಕೊಂಡು, ತಲೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ಒಂದು ಸಾಲು ಹಿಡಿಯಲು ಹೆಣಗಿದರು. ಕೊನೆಗೆ ಹಾಳೆ ಕೆಳಗಿಟ್ಟರು.

“ತಂಗಿ, ಹಳೇ ಪ್ರೂಫ್ ತಗದ ಮ್ಯಾಲೂ ನಾ ಎಷ್ಟ ಸಲ ಬಾಯಿಲೆ ಹೇಳಿ ತಿದ್ದಿಸೀನಿ, ನಿನಗ ಗೊತ್ತೈತಿ. ಆ ತಿದ್ದಿದ್ದೆಲ್ಲಾ ಕಂಪ್ಯೂಟರದಾಗ ಐತಿ, ಹಾಳ್ಯಾಗ ಇಲ್ಲ. ಎಲ್ಲಾ ಮತ್ತ ತಿದ್ದಾಕ ನನ್ನ ಕಣ್ಣು ಉಳಿಯಂಗಿಲ್ಲ. ಬಿಟ್ಟಬಿಡು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲಾಗಲಿಲ್ಲ. ಅಂದಾನೆಪ್ಪನವರು ಹಾಳೆಗಳನ್ನು ಜೋಡಿಸುವ ನೆವ ಮಾಡಿ ಅತ್ತ ತಿರುಗಿದರು.

ಮರುದಿನ ಬೆಳಿಗ್ಗೆ ಅಂದಾನೆಪ್ಪನವರು ಮೆಹರುನ್ನಿಸಾಳ ಪರ್ಸಿನಿಂದ ನನ್ನನ್ನು ಕೇಳಿ ಇಸಿದುಕೊಂಡರು. ಅಂಗಿಯ ಜೇಬಿಗೆ ಹಾಕಿಕೊಂಡು, ಅವಳನ್ನೂ ಕರೆದುಕೊಂಡು ಗವಿಸಿದ್ದನ ಅಂಗಡಿಗೆ ನಡೆದರು. ಅಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ನನ್ನನ್ನು ಇಟ್ಟರು.

“ಇದ್ಯಾಕ ತಂದ್ರಿ ಅಣ್ಣಾರ? ಇದು ಬೇಕಾಗಂಗಿಲ್ಲ.”

“ನಿನ್ನ ಕಂಪ್ಯೂಟರಿಗೆ ಬ್ಯಾಡ. ನನಗ ಬೇಕು. ಇಲ್ಲೇ ಇರಲಿ.” ಕುರ್ಚಿ ಎಳೆದುಕೊಂಡು ಕೂತರು. “ಫೈಲ್ ತೆಗಿ.”

ಫೈಲುಗಳು ಒಂದಾದ ಮೇಲೊಂದು ತೆರೆದವು. ಕೆಚ್ಚಲುಬಾವು, ಗಂಟಲಬೇನೆ, ಚಪ್ಪೆಬೇನೆ, ಹೊಟ್ಟೆಯುಬ್ಬರ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹದಿನೈದು ವರ್ಷ, ನಾನಿದ್ದರೆ ಅಕ್ಷರ, ನಾನಿಲ್ಲದಿದ್ದರೆ ಕತ್ತಲೆ ಎಂದು ನಂಬಿದ್ದೆ. ನಾನು ಬೆಳಕು ಕೊಟ್ಟವನಲ್ಲ, ದೀಪದ ಮುಂದೆ ಅಡ್ಡ ನಿಂತು ಆಗಾಗ ಸರಿದು ನಿಂತವನು ಎಂದು ಆ ಮೇಜಿನ ಮೇಲೆ ತಿಳಿಯಿತು. ಅಂದಾನೆಪ್ಪನವರು ಮಾಡಿದ್ದಕ್ಕೆ ಕಾಯ್ದೆ ಏನು ಹೇಳುತ್ತದೋ ನಾನರಿಯೆ. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಅದಂತೂ ನಿಜ. ಚಹಾ ತರಿಸುತ್ತೇನೆ ಎಂದ ಗವಿಸಿದ್ದನಿಗೆ ಬೇಡವೆಂದು ಕೈ ಆಡಿಸಿದರು.

ತೆರೆದರೂ ಅವು ಮುಖವಾಡದ ಅಕ್ಷರಗಳೇ. ಮೆಹರುನ್ನಿಸಾ ಅಂತರ್ಜಾಲದಲ್ಲಿ ಹುಡುಕಿದಳು. ಇಂಥ ಮುಖವಾಡದ ಹಳೆಯ ಫಾಂಟುಗಳನ್ನು ಯುನಿಕೋಡಿಗೆ ಬದಲಿಸುವ ಸಣ್ಣ ಪ್ರೋಗ್ರಾಂ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟವರೊಬ್ಬರ ವಿಳಾಸ ಸಿಕ್ಕಿತು. ಕಾರ್ಕಳದ ಹೈಸ್ಕೂಲೊಂದರ ಗಣಿತದ ಟೀಚರ್, ಜೆಸಿಂತಾ ಮಥಾಯಸ್. ನಮ್ಮ ಫಾಂಟು ಅವರ ಪಟ್ಟಿಯಲ್ಲಿ ಇರಲಿಲ್ಲ.

“ಯಾವ ಚಿಹ್ನೆಗೆ ಯಾವ ಅಕ್ಷರ ಅಂತ ನೀವು ಒಂದು ಪಟ್ಟಿ ಮಾಡಿ ಕಳಿಸಿದ್ರೆ ಮತ್ತಿನದ್ದು ನಾನು ಮಾಡ್ತೇನೆ” ಎಂದರು ಫೋನಿನಲ್ಲಿ. “ಅದು ಗೊತ್ತಿರುವವರು ಸಿಗುವುದೇ ಕಷ್ಟ ನೋಡಿ.”

ಮೆಹರುನ್ನಿಸಾಳಿಗಿಂತ ಗೊತ್ತಿರುವವರು ಯಾರು? ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾನೂರ ಹನ್ನೆರಡು ಗುರುತುಗಳನ್ನು ಬರೆದಳು. ಒತ್ತು, ದೀರ್ಘ, ಕೊಂಬು, ಒಂದೂ ಬಿಡಲಿಲ್ಲ. ಮೊದಲ ಪ್ರಯತ್ನದಲ್ಲಿ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ‘ಗರ್ಭ’ ಇದ್ದಲ್ಲೆಲ್ಲ ‘ಗಭರ್’ ಆಗಿತ್ತು. ದನದ ಪುಸ್ತಕದಲ್ಲಿ ಗರ್ಭಕ್ಕೇನು ಬರ? ಕಾರ್ಕಳ ಮತ್ತು ಗದಗಿನ ನಡುವೆ ಮೂರು ವಾರ ಫೋನು ಓಡಾಡಿದ ಮೇಲೆ ಅದು ಸರಿಹೋಯಿತು.

“ಟೀಚರ, ನಿಮಗೇನು ಕೊಡಬೇಕ್ರಿ?”

“ಹಣ ಎಂತಕ್ಕೆ? ಈ ಪಟ್ಟಿಯನ್ನು ಎಲ್ಲರಿಗೂ ಸಿಗುವ ಹಾಗೆ ಹಾಕ್ತೇನೆ. ಮಾಡಿದವರು ಅಂತ ನಿಮ್ಮ ಹೆಸರು ಹಾಕಬಹುದಾ?”

ಮೆಹರುನ್ನಿಸಾ ನೋಟ್‌ಬುಕ್ಕನ್ನು ಮುಚ್ಚಿದಳು. ಎಷ್ಟೋ ಸಾವಿರ ಹೆಸರುಗಳನ್ನು ಟೈಪ್ ಮಾಡಿದವಳು. ವಧು, ವರ, ಲೇಖಕ, ಅಧ್ಯಕ್ಷ, ದಿವಂಗತ. ತನ್ನದನ್ನು ಎಲ್ಲಿಯೂ ಹೊಡೆದಿರಲಿಲ್ಲ. “ನದಾಫ್ ಅನ್ನೂದಕ್ಕ ಕಡೀ ಅಕ್ಷರಕ್ಕ ಅರ್ಧಾ ಫ ಹಾಕ್ರಿ” ಎಂದಷ್ಟೇ ಹೇಳಿ ಫೋನಿಟ್ಟಳು. ಆಮೇಲೆ ಮುಖ ತೊಳೆದುಕೊಂಡು ಬಂದಳು.

ಒಂದು ಭಾನುವಾರ ನನ್ನನ್ನು ಜೇಬಿನಲ್ಲಿಟ್ಟುಕೊಂಡು ಅಂದಾನೆಪ್ಪನವರೂ ಅವಳೂ ತುಳಜಾಸಾ ಅವರ ಮನೆಗೆ ಹೋದರು. ಪಡಸಾಲೆಯಲ್ಲಿ ಮುದುಕರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಏರಿಳಿತವಿಲ್ಲದ ಯಂತ್ರದ ದನಿ ಶುರುವಾಯಿತು: ‘ಮೆಲುಕು ಬಿಟ್ಟ ಎಮ್ಮೆಯ ಮುಂದೆ ಮೊದಲು ಸುಮ್ಮನೆ ಕೂಡಬೇಕು. ಅದು ಯಾವ ಮಗ್ಗುಲು ನೋಡಿಕೊಳ್ಳುತ್ತದೆಯೋ ನೋಡಬೇಕು.’

ತುಳಜಾಸಾ ಅವರ ತುಟಿ ಅದರೊಡನೆ ಆಡುತ್ತಿತ್ತು. ಅರ್ಧ ತಾಸಾಯಿತು. ಥಟ್ಟನೆ ಕೈ ಎತ್ತಿದರು.

“ನಿಲ್ಲಸ, ನಿಲ್ಲಸ! ತಪ್ಪೈತಿ. ಈ ಮದ್ದು ಹೇಳಿದಾಕಿ ಲಕ್ಕುಂಡಿಯಾಕಿ ಅಲ್ಲ, ಕಣಗಿನಹಾಳದ ಫಕೀರವ್ವ. ಒಂಬತ್ತ ವರ್ಷ ಓದೀನಿ, ಕಣ್ಣಿಗೆ ಕಂಡಿರಲಿಲ್ಲ ನೋಡು!”

ಮೆಹರುನ್ನಿಸಾ ಅಲ್ಲೇ ತಿದ್ದಿದಳು. ಹೀಗೆ ಎರಡು ತಿಂಗಳು ಅವರು ಕಿವಿಯಿಂದ ಪ್ರೂಫ್ ನೋಡಿದರು. ಕೊನೆಗೆ ಮೊದಲ ಪುಟ ಉಳಿಯಿತು. ಫೋನು ಪುಸ್ತಕದ ಹೆಸರು, ಮುದ್ರಕರ ಹೆಸರು ಓದಿ, ಅವಳು ರೂಢಿಯಿಂದ ಹೊಡೆದಿದ್ದ ಸಾಲನ್ನೂ ಓದಿತು: ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ.’

“ಯಾರ ಕೈಯಿಂದ ಕಾಯ್ದಿರಿಸೀವಿ?” ಎಂದರು ತುಳಜಾಸಾ.

“ಎಲ್ಲಾ ಪುಸ್ತಕದಾಗೂ ಹಂಗ ಹಾಕ್ತಾರ್ರಿ” ಎಂದರು ಅಂದಾನೆಪ್ಪ. “ಇಲ್ಲಂದ್ರ ಯಾರ ಬೇಕಾದ್ರೂ ಅಚ್ಚ ಹಾಕ್ಕೊಂತಾರ. ನಮ್ಮ ಪುಸ್ತಕ ಯಾರು ತಗೊಂತಾರ?”

“ತಗೊಳ್ಳಾವ್ರು ತಗೊಂತಾರ. ಎಮ್ಮಿ ನೆಲಕ್ಕ ಬಿದ್ದಾಗ ರೈತ ಪರವಾನಗಿ ಕೇಳ್ಕೊಂತ ಕುಂಡ್ರಬೇಕೇನ್ರಿ? ಫಕೀರವ್ವ ನನಗ ಹೇಳಬೇಕಾದ್ರ ಹಕ್ಕು ಕಾಯ್ದಿಟ್ಟು ಹೇಳಿದ್ಲೇನು?”

ಅಂದಾನೆಪ್ಪನವರು ಬೆರಳು ಮಡಚಿ ಖರ್ಚಿನ ಲೆಕ್ಕ ಹಾಕಿದರು. ಪ್ರೆಸ್ಸು ಅವರದು, ನಷ್ಟವಾದರೂ ಅವರದೇ. ಕೊನೆಗೆ ಮೆಹರುನ್ನಿಸಾಳ ಕಡೆ ತಿರುಗಿ, “ಅವರು ಹೇಳಿದಂಗ ಹೊಡಿಯವಾ” ಎಂದರು.

ತುಳಜಾಸಾ ಹೇಳಿದರು, ಅವಳು ಹೊಡೆದಳು: ‘ಇದನ್ನು ಯಾರು ಬೇಕಾದರೂ ಓದಲಿ, ನಕಲು ಮಾಡಿ ಹಂಚಲಿ. ತಪ್ಪಿದ್ದಲ್ಲಿ ತಿದ್ದಲಿ. ಹೇಳಿಕೊಟ್ಟವರ ಹೆಸರನ್ನು ಮಾತ್ರ ಅಳಿಸಬಾರದು.’

ಪುಸ್ತಕ ಅಚ್ಚಾಗಿ, ಅಂತರ್ಜಾಲದಲ್ಲೂ ಎಲ್ಲರಿಗೂ ಸಿಗುವಂತಾಗಿ ಈಗ ಮೂರು ವರ್ಷ. ನಾನು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿದ್ದೇನೆ. ಸೀಸದ ಅಚ್ಚುಮೊಳೆಗಳಿದ್ದ ಹಳೆಯ ಮರದ ಗೂಡುಗಳು ಅಲ್ಲಿ ಗೋಡೆಗೆ ಒರಗಿವೆ. ಅವುಗಳ ಒಂದು ಖಾಲಿ ಮನೆಯಲ್ಲಿ ಅಂದಾನೆಪ್ಪನವರು ನನ್ನನ್ನು ಇಟ್ಟರು, ಬಿಸಾಡಲು ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಪಕ್ಕದ ಮನೆಯಲ್ಲಿ ಸವೆದ ನಾಲ್ಕಾರು ‘ಳ’ಗಳಿವೆ. ಯಾರು ಎತ್ತಿಕೊಂಡು ಮಸಿ ಹಚ್ಚಿ ಒತ್ತಿದರೂ ಅವು ಇವತ್ತಿಗೂ ‘ಳ’ ಎಂದೇ ಮೂಡುತ್ತವೆ. ನನಗೆ ಆ ಭಾಗ್ಯವಿಲ್ಲ.

ನನ್ನನ್ನು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ದುಡಿದವರಿಗೆ ಪ್ರತಿಫಲ ಬೇಕು, ಅದಕ್ಕೊಂದು ಕಾವಲೂ ಬೇಕಾದೀತು. ಕಾವಲಿಗೆ ನಿಲ್ಲಿಸಿದವರು ಹೊರಟುಹೋದ ದಿನ ಕಾವಲುಗಾರ ಯಾರಿಗಾಗಿ ನಿಂತಿರಬೇಕು ಎಂಬುದನ್ನು ಮಾತ್ರ ಅವರು ನನಗೆ ಹೇಳಿಕೊಡಲಿಲ್ಲ. ನನ್ನೊಳಗೆ ಸಂಖ್ಯೆ ತುಂಬಿದ ಆ ಹೆಂಗಸಿಗೂ ಅದು ಗೊತ್ತಿರಲಿಕ್ಕಿಲ್ಲ.

ನಿನ್ನೆ ಮಧ್ಯಾಹ್ನ ಹೊರಕೋಣೆಯಲ್ಲಿ ಮೆಹರುನ್ನಿಸಾಳ ಫೋನು ರಿಂಗಾಯಿತು. ಮುಂಡರಗಿ ಕಡೆಯ ಒಬ್ಬ ಹೆಣ್ಣುಮಗಳು. ಫೋನಿನಲ್ಲಿ ಪುಸ್ತಕ ಕೇಳಿಸಿಕೊಂಡಿದ್ದಳಂತೆ. ನಾಲ್ಕನೇ ಅಧ್ಯಾಯದಲ್ಲಿ ಹೇಳಿದ ಸೊಪ್ಪಿಗೆ ತಮ್ಮ ಕಡೆ ಬೇರೆ ಹೆಸರಿದೆ, ಪುಸ್ತಕದಲ್ಲಿರುವ ಹೆಸರಿನಿಂದ ತಾವು ಕರೆಯುವ ಸೊಪ್ಪು ವಿಷದ್ದು, ಜನ ತಪ್ಪು ತಿಳಿದಾರು ಎಂದಳು. ಮೆಹರುನ್ನಿಸಾ ಅವಳ ಹೆಸರು, ಊರು ಕೇಳಿ ಬರೆದುಕೊಂಡಳು. ತುಳಜಾಸಾ ಅವರಿಗೆ ಫೋನು ಮಾಡಿ ಓದಿ ಹೇಳಿದಳು. ಆಮೇಲೆ ಕೀಲಿಮಣೆಯ ಸದ್ದು ಕೇಳಿಸಿತು, ಎರಡು ಸಾಲಿನಷ್ಟು. ತಿದ್ದಿದ ಪುಸ್ತಕವನ್ನು ಎಲ್ಲರಿಗೂ ಸಿಗುವ ಜಾಗದಲ್ಲಿ ಮತ್ತೆ ಇಟ್ಟಳು. ಅದಕ್ಕೆ ಅವಳು ಯಾವ ಯಂತ್ರದ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.